ಅಂದಾಜು ಪಟ್ಟಿಗೆ ಸೇರದ ದುಡಿಮೆ

ಮನೆ ಕೊಳ್ಳಲು ಹೊರಟ ಮಧ್ಯಮ ವರ್ಗದ ಕುಟುಂಬದ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಮನೆಗಳಿರುತ್ತವೆ. ಬೀಗದ ಕೈ ಸಿಕ್ಕ ದಿನವೇ ಹಾಲುಕ್ಕಿಸಿ ಸಂಸಾರ ಹೂಡಬಹುದಾದ ಸಿದ್ಧ ಮನೆ ಒಂದು. ಕ್ರಯವಾದ ಮೇಲೂ ಗಾರೆಯವರು, ಬಡಗಿಗಳು, ಕೊಳಾಯಿ ಮತ್ತು ವೈರಿಂಗ್ ಕೆಲಸದವರು ತಿಂಗಳುಗಟ್ಟಲೆ ಓಡಾಡಿದ ನಂತರವಷ್ಟೇ ವಾಸಕ್ಕೆ ಒದಗುವ ದುರಸ್ತಿಯ ಮನೆ ಇನ್ನೊಂದು. ಮೊದಲನೆಯದಕ್ಕೆ ಹಣ ಹೆಚ್ಚು, ಎರಡನೆಯದಕ್ಕೆ ತಾಳ್ಮೆ ಹೆಚ್ಚು ಬೇಕು ಎಂದು ಹೇಳಿ ಮಾತು ಮುಗಿಸುವುದು ರೂಢಿಯಾಗಿದ್ದರೂ, ಆ ತಾಳ್ಮೆ ಎಂಬುದು ಮನೆಯೊಳಗೆ ಯಾರ ಪಾಲಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಯಾವ ಅಂದಾಜು ಪಟ್ಟಿಯೂ ತೋರಿಸುವುದಿಲ್ಲ. 2013ರಲ್ಲಿ ಮೈಸೂರಿನಲ್ಲಿ ಈ ಆಯ್ಕೆಯನ್ನು ಎದುರಿಸಿದ ಒಂದು ಕುಟುಂಬದ, ಅಂದರೆ ಪ್ರಸ್ತುತ ಲೇಖಕನದೇ ಕುಟುಂಬದ ಅನುಭವವನ್ನು ದಶಕ ಕಳೆದ ಮೇಲೆ ತಿರುಗಿ ನೋಡಿದಾಗ ಎದ್ದು ಕಾಣುವ ಸಂಗತಿ ಇದೇ ಆದ್ದರಿಂದ, ಮುಂದಿನ ನೆನಪುಗಳನ್ನು ಆ ಒಂದು ಪ್ರಶ್ನೆಯ ಸುತ್ತ ಜೋಡಿಸಲಾಗಿದೆ.

ಈ ಆಯ್ಕೆ ಮೈಸೂರಿನಲ್ಲಿ ಏಕೆ ಮತ್ತೆ ಮತ್ತೆ ಎದುರಾಗುತ್ತದೆ ಎಂಬುದಕ್ಕೆ ನಗರದ ಬೆಳವಣಿಗೆಯಲ್ಲೇ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಇಕ್ಕಟ್ಟು ಎಷ್ಟು ಅಪಾಯಕಾರಿ ಎಂಬುದು ಮನದಟ್ಟಾದ ಬಳಿಕ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಗಿ, ಗಾಳಿ ಬೆಳಕಿಗೆ ಅನುಕೂಲವಾದ ನೇರ ಬೀದಿಗಳ ಬಡಾವಣೆಗಳು ಕೋಟೆಯಾಚೆ ಒಂದೊಂದಾಗಿ ಬೆಳೆದವು. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂನಂಥ ಕಡೆಗಳಲ್ಲಿ ಸರ್ಕಾರಿ ನೌಕರರು, ವಕೀಲರು, ಮೇಷ್ಟ್ರುಗಳು ಕಟ್ಟಿಸಿಕೊಂಡ ಮನೆಗಳಲ್ಲಿ ಅನೇಕವು ಮೂರನೆಯ ತಲೆಮಾರಿನ ಕೈಗೆ ಬರುವ ಹೊತ್ತಿಗೆ, ಆ ತಲೆಮಾರು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ನೆಲೆಸಿತ್ತು. ಮನೆಗಳಲ್ಲಿ ಮುದುಕರು ಮಾತ್ರ ಉಳಿದರು, ಆಮೇಲೆ ಬೀಗ ಮಾತ್ರ ಉಳಿಯಿತು. ಇದೇ ಕಾಲದಲ್ಲಿ, 2000ದ ನಂತರ, ನಗರದ ಅಂಚಿನ ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟುಗಳು ಏಳತೊಡಗಿದ್ದರಿಂದ, ಹೆಚ್ಚುಕಡಿಮೆ ಒಂದೇ ಮೊತ್ತಕ್ಕೆ ಒಳ ಊರಿನ ಸೋರುವ ಮನೆಯೂ ಹೊರ ಊರಿನ ಹೊಳೆಯುವ ಫ್ಲ್ಯಾಟೂ ದೊರೆಯುವ ಅಪರೂಪದ ಸಂದರ್ಭ ಕೆಲವು ವರ್ಷಗಳ ಮಟ್ಟಿಗೆ ಏರ್ಪಟ್ಟಿತು.

ಆ ಕುಟುಂಬದಲ್ಲಿದ್ದವರು ಕಾಲೇಜು ಅಧ್ಯಾಪಕನಾದ ಲೇಖಕ, ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಆತನ ಪತ್ನಿ, ಪ್ರೌಢಶಾಲೆಯಲ್ಲಿ ಓದುತ್ತಿದ್ದ ಮಗಳು, ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಯ ತೊಟ್ಟಿಮನೆಯಲ್ಲಿ ಆಯುಷ್ಯದ ಬಹುಪಾಲು ಕಳೆದು ಮಗನ ಬಳಿಗೆ ಬಂದಿದ್ದ ತಾಯಿ. ಸರಸ್ವತಿಪುರಂನ ಬಾಡಿಗೆ ಮನೆಯನ್ನು ಮಾಲೀಕರು ತಮ್ಮ ಮಗನಿಗಾಗಿ ತೆರವು ಮಾಡಿಸಿಕೊಳ್ಳಲು ಬಯಸಿದ್ದರಿಂದ ಹುಡುಕಾಟ ಆರಂಭವಾಗಿ, ಹಲವು ಮನೆಗಳನ್ನು ನೋಡಿದ ಮೇಲೆ ಎರಡು ಮಾತ್ರ ಪರಿಗಣನೆಗೆ ಉಳಿದವು. ಒಂದು, ಬೋಗಾದಿ ರಸ್ತೆಯ ಕಡೆಯ ಅಪಾರ್ಟ್‌ಮೆಂಟಿನ ಎರಡನೆಯ ಅಂತಸ್ತಿನ ಫ್ಲ್ಯಾಟು. ಇನ್ನೊಂದು, ಕೃಷ್ಣಮೂರ್ತಿಪುರಂನಲ್ಲಿ ವರ್ಷಗಳಿಂದ ಬೀಗ ಬಿದ್ದಿದ್ದ, ಕಟ್ಟಿ ಎಂಬತ್ತು ವರ್ಷ ದಾಟಿದ್ದ ಒಂಟಿ ಮನೆ.

ಫ್ಲ್ಯಾಟಿನ ಬಗ್ಗೆ ದೂರಲು ಹೆಚ್ಚೇನೂ ಇರಲಿಲ್ಲ. ವಿಟ್ರಿಫೈಡ್ ಟೈಲ್ಸ್ ಹಾಸಿದ ನೆಲ, ಗ್ರಾನೈಟಿನ ಅಡುಗೆ ಕಟ್ಟೆ, ಲಿಫ್ಟು, ಜನರೇಟರು, ವಾಹನಕ್ಕೆ ಜಾಗ ಎಲ್ಲವೂ ಇದ್ದವು. ಆದರೆ ಅದನ್ನು ಮಾರುವಾಗ ಬಳಸುತ್ತಿದ್ದ ಅಳತೆಗೆ ವಿವರಣೆ ಬೇಕಾಗುತ್ತಿತ್ತು. ಸೂಪರ್ ಬಿಲ್ಟ್-ಅಪ್ ವಿಸ್ತೀರ್ಣವೆಂದರೆ ಫ್ಲ್ಯಾಟಿನ ಒಳನೆಲ, ಗೋಡೆಗಳ ದಪ್ಪ, ಬಾಲ್ಕನಿ ಇವುಗಳ ಜೊತೆಗೆ ಮೆಟ್ಟಿಲು, ಲಿಫ್ಟು, ಓಡಾಡುವ ಹಾದಿ ಮುಂತಾದ ಎಲ್ಲರ ಬಳಕೆಯ ಜಾಗದಲ್ಲಿ ಆ ಫ್ಲ್ಯಾಟಿನ ಪಾಲನ್ನೂ ಕೂಡಿಸಿ ಹೇಳುವ ಲೆಕ್ಕ. ಕಾರ್ಪೆಟ್ ವಿಸ್ತೀರ್ಣವೆಂದರೆ ನಿಜವಾಗಿ ಚಾಪೆ ಹಾಸಬಹುದಾದ ಒಳನೆಲ. ಮೊದಲನೆಯ ಲೆಕ್ಕದಲ್ಲಿ 1,200 ಚದರಡಿಯಿದ್ದ ಆ ಫ್ಲ್ಯಾಟು ಎರಡನೆಯ ಲೆಕ್ಕದಲ್ಲಿ 900 ಚದರಡಿಯ ಆಸುಪಾಸಿಗೆ ಇಳಿಯುತ್ತಿತ್ತು. ಕಾರ್ಪೆಟ್ ವಿಸ್ತೀರ್ಣವನ್ನೇ ಆಧಾರವಾಗಿಟ್ಟುಕೊಂಡು ಮಾರಬೇಕೆಂಬ ನಿಯಮ 2016ರ ರಿಯಲ್ ಎಸ್ಟೇಟ್ ಕಾಯ್ದೆಯೊಂದಿಗೆ ಬಂದದ್ದರಿಂದ, 2013ರ ಗ್ರಾಹಕನು ಈ ಕಳೆಯುವ ಲೆಕ್ಕವನ್ನು ತಾನೇ ಮಾಡಿಕೊಳ್ಳಬೇಕಾಗಿತ್ತು. ಜಮೀನಿನ ವಿಷಯದಲ್ಲಿಯೂ ಕೊಳ್ಳುವವರಿಗೆ ಸಿಗುತ್ತಿದ್ದುದು ಅವಿಭಾಜ್ಯ ಪಾಲು, ಅಂದರೆ ಇಡೀ ನಿವೇಶನದಲ್ಲಿ ಇಷ್ಟು ಭಾಗವೆಂದು ಪತ್ರದಲ್ಲಿ ಬರೆದಿದ್ದರೂ ಇದೇ ನಮ್ಮದೆಂದು ಬೇಲಿ ಹಾಕಿ ತೋರಿಸಲಾಗದ ಒಡೆತನ.

ಕೃಷ್ಣಮೂರ್ತಿಪುರಂನ ಮನೆ ಎಲ್ಲ ರೀತಿಯಲ್ಲೂ ಇದಕ್ಕೆ ವಿರುದ್ಧವಾಗಿತ್ತು. ಬೀದಿಗೆ ತೆರೆದ ಜಗಲಿ, ಮಂಗಳೂರು ಹೆಂಚಿನ ಮುಂಭಾಗ, ಒಳಗೆ ಹಜಾರ, ಸಣ್ಣದೊಂದು ತೊಟ್ಟಿ, ಅದರ ಸುತ್ತ ಕೋಣೆಗಳು, ಹಿಂದೆ ಅಡುಗೆಮನೆ, ಹಂಡೆಯ ಒಲೆ ಹೂತ ಬಚ್ಚಲುಮನೆ, ಹಿತ್ತಿಲಲ್ಲಿ ಬಾವಿ ಇವೆಲ್ಲ ಸೇರಿ, ನೂರು ಚದರಡಿಯನ್ನು ಒಂದು ಚದರವೆಂದು ಎಣಿಸುವ ಈ ಭಾಗದ ಕಟ್ಟಡಗಾರರ ಮಾತಿನಲ್ಲಿ ಹದಿಮೂರು ಚದರದ ಮನೆ. ಹಿಂಭಾಗದ ಕೋಣೆಗಳಿಗೆ ಮದರಾಸು ತಾರಸಿ ಇತ್ತು. ಗೋಡೆಯಿಂದ ಗೋಡೆಗೆ ಮರದ ಜಂತೆಗಳನ್ನು ಹತ್ತಿರ ಹತ್ತಿರ ಹಾಯಿಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಪದರವನ್ನು ಹರಡಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿಮಾಡಿ, ಕೊನೆಗೆ ಚಪ್ಪಟೆ ಬಿಲ್ಲೆ ಹಾಸುವ ಚಾವಣಿಯ ವಿಧಾನಕ್ಕೆ ಈ ಹೆಸರು. ಕುಟುಂಬ ಮನೆ ನೋಡಲು ಹೋದಾಗ ಆ ತಾರಸಿಯಲ್ಲಿ ಎರಡು ಕಡೆ ನೀರು ಇಳಿದ ಕಲೆಗಳಿದ್ದವು. ಕೆಲವು ಜಂತೆಗಳು ಗೋಡೆಯೊಳಗೆ ಹೋಗುವ ತುದಿಯಲ್ಲಿ ಕಪ್ಪಾಗಿದ್ದವು. ಪ್ಯಾರಾಪೆಟ್ಟಿನಲ್ಲಿ ಅರಳಿಯ ಸಸಿಯೊಂದು ಬೇರೂರಿತ್ತು. ಕೋಣೆಗಳ ಗೋಡೆ ಮೊಣಕಾಲೆತ್ತರದವರೆಗೆ ಉಪ್ಪು ಬಿಟ್ಟು ಉದುರುತ್ತಿತ್ತು.

ಇಂಥ ಮನೆಯನ್ನು ಕೊಳ್ಳಲು ಅದು ಧೈರ್ಯದ ಕಾಲವಾಗಿರಲಿಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದರು. 1892ರ ಆ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳನ್ನು ಬಲ್ಲ ಪ್ರತಿಯೊಬ್ಬರಿಗೂ ಸುದ್ದಿ ತಟ್ಟಿತ್ತಾದ್ದರಿಂದ, ಸುಣ್ಣದ ಗಾರೆಯ ಗೋಡೆ ಎಂದೊಡನೆ ನೆಂಟರೆಲ್ಲ ಅದನ್ನೇ ಎತ್ತುತ್ತಿದ್ದರು. ಇನ್ನೊಂದು ಕಡೆ, ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರು ವಾಸವಾಗಿದ್ದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿ, ಸಾರ್ವಜನಿಕರ ವಿರೋಧದಿಂದ ಅರ್ಧಕ್ಕೇ ನಿಲ್ಲಿಸಲಾಗಿತ್ತು. ಅದು ದುರಸ್ತಿಯಾಗಿ ವಸ್ತುಸಂಗ್ರಹಾಲಯವಾಗಿ ತೆರೆದದ್ದು 2016ರಲ್ಲಿ, ಅಂದರೆ ಈ ಕುಟುಂಬದ ತೀರ್ಮಾನಕ್ಕೆ ಮೂರು ವರ್ಷಗಳ ನಂತರ. ಹೀಗೆ ಊರಿನಲ್ಲಿ ಆಗ ಕಣ್ಣಿಗೆ ಬೀಳುತ್ತಿದ್ದ ನಿದರ್ಶನಗಳಲ್ಲಿ ಒಂದು ಬಿದ್ದದ್ದು, ಇನ್ನೊಂದು ಅರ್ಧ ಕೆಡವಿ ಬಿಟ್ಟದ್ದು. ರಿಪೇರಿಯಾಗಿ ಎದ್ದು ನಿಂತ ಹಳೆಯ ಮನೆಯನ್ನು ಬೊಟ್ಟುಮಾಡಿ ತೋರಿಸುವುದು ಕಷ್ಟವಾಗಿತ್ತು.

ಸಾಲ ಕೊಡುವವರೂ ತೆರಿಗೆಯ ಕಾನೂನೂ ಸಿದ್ಧ ಮನೆಯ ಪರವಾಗಿಯೇ ಇದ್ದವು. ಬ್ಯಾಂಕಿನ ಮೌಲ್ಯಮಾಪಕರು ಹಳೆಯ ಮನೆಯಲ್ಲಿ ನಿವೇಶನಕ್ಕೆ ಬೆಲೆ ಕಟ್ಟುತ್ತಾರೆಯೇ ಹೊರತು, ಕಟ್ಟಡಕ್ಕೆ ಸವಕಳಿ, ಅಂದರೆ ವಯಸ್ಸಾದಂತೆ ಇಳಿಯುವ ಬೆಲೆ, ಕಳೆದು ಉಳಿಸುವುದು ಅತ್ಯಲ್ಪ. ತೇಗದ ಬಾಗಿಲಿಗೂ ಕಲ್ಲಿನ ತಳಪಾಯಕ್ಕೂ ಅವರ ನಮೂನೆಯಲ್ಲಿ ಅಂಕಣವಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 24ನೆಯ ವಿಧಿಯಲ್ಲಿ ಸ್ವಂತ ವಾಸದ ಮನೆಯನ್ನು ಕೊಳ್ಳಲು ಅಥವಾ ಕಟ್ಟಲು ಪಡೆದ ಸಾಲದ ಬಡ್ಡಿಗೆ ಆಗ ವರ್ಷಕ್ಕೆ 1,50,000 ರೂಪಾಯಿವರೆಗೆ ರಿಯಾಯಿತಿ ಇತ್ತು, ಮರುವರ್ಷದ ಬಜೆಟ್ಟಿನಲ್ಲಿ ಅದು 2,00,000ಕ್ಕೆ ಏರಿತು. ದುರಸ್ತಿಗಾಗಿ ಪಡೆದ ಸಾಲದ ಬಡ್ಡಿಗಾದರೋ ಮಿತಿ 30,000 ರೂಪಾಯಿ ಮಾತ್ರ, ಅದೂ ಮೇಲಿನ ಮೊತ್ತದೊಳಗೇ ಸೇರಿದ್ದು. ಮನೆಯನ್ನು ಹೊಸದಾಗಿ ಕೊಳ್ಳುವವನಿಗೆ ಸಿಗುವ ಉತ್ತೇಜನ, ಇದ್ದ ಮನೆಯನ್ನು ಉಳಿಸುವವನಿಗೆ ಸಿಗುವುದಿಲ್ಲವೆಂಬ ಈ ಏರ್ಪಾಟು, ಹಳೆಯ ಬಡಾವಣೆಗಳಲ್ಲಿ ಕೆಡವಿ ಕಟ್ಟುವ ಪ್ರವೃತ್ತಿ ಏಕೆ ಗೆಲ್ಲುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಎರಡೂ ಮನೆಗಳಿಗೆ ಅವುಗಳದೇ ತೊಡಕುಗಳಿದ್ದವು. ಫ್ಲ್ಯಾಟಿಗೆ ಮುಖ್ಯವಾದದ್ದು ಸ್ವಾಧೀನ ಪ್ರಮಾಣಪತ್ರ, ಅಂದರೆ ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಮುಗಿದಿದೆ, ವಾಸಕ್ಕೆ ಅಡ್ಡಿಯಿಲ್ಲವೆಂದು ಸ್ಥಳೀಯ ಸಂಸ್ಥೆ ಕೊಡುವ ಒಪ್ಪಿಗೆ. ಜನರ ಬಾಯಲ್ಲಿ ಇದು ಓಸಿ. ಹಳೆಯ ಮನೆಗೆ ಮುಖ್ಯವಾದದ್ದು ವಾರಸುದಾರರೆಲ್ಲರ ರುಜು. ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿಗಳಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮದಿಂದಲೇ ಹಕ್ಕು ಬಂದಿದ್ದುದರಿಂದ, ಖಾತೆಯಲ್ಲಿ ಹಿರಿಯ ಮಗನ ಹೆಸರೊಂದೇ ಇದ್ದರೂ ಅಷ್ಟರಿಂದ ಕ್ರಯ ಭದ್ರವಾಗುತ್ತಿರಲಿಲ್ಲ. ವಂಶವೃಕ್ಷ, ಹಿಂದಿನ ವಿಭಾಗ ಪತ್ರ, ಆಸ್ತಿಯ ಮೇಲೆ ಸಾಲ ಅಥವಾ ಅಡಮಾನವಿದೆಯೇ ಎಂದು ತಿಳಿಸುವ ಋಣಭಾರ ಪ್ರಮಾಣಪತ್ರ, ಕಂದಾಯದ ರಸೀದಿಗಳು ಇವನ್ನೆಲ್ಲ ವಕೀಲರು ಪರಿಶೀಲಿಸಿ, ವಿದೇಶದಲ್ಲಿದ್ದ ಒಬ್ಬ ವಾರಸುದಾರೆಯಿಂದ ಅಧಿಕಾರಪತ್ರ ತರಿಸಿಕೊಂಡ ಮೇಲೆಯೇ ಆ ಮನೆ ಕೊಳ್ಳಬಹುದಾದ ವಸ್ತುವಾಯಿತು. ಆ ತಿಂಗಳುಗಳಲ್ಲಿ ಫ್ಲ್ಯಾಟಿನ ಮಾರಾಟಗಾರರು ವಾರಕ್ಕೊಮ್ಮೆ ಫೋನು ಮಾಡಿ ನಿರ್ಧಾರ ಕೇಳುತ್ತಿದ್ದರು.

ತೀರ್ಮಾನಕ್ಕೆ ದಾರಿ ತೋರಿಸಿದವರು ಇಬ್ಬರು. ಮೊದಲನೆಯವರು ತಾಯಿ. ಹಳೆಯ ಮನೆಯ ಮೇಲಿನ ವ್ಯಾಮೋಹದಿಂದ ಅವರು ಮಾತನಾಡಲಿಲ್ಲ; ಫ್ಲ್ಯಾಟಿನ ಅಡುಗೆಮನೆಯ ಕೊಳಾಯಿಯಲ್ಲಿ ಧಾರಾಳವಾಗಿ ಬರುತ್ತಿದ್ದ ನೀರನ್ನು ಮೆಚ್ಚಿದವರೂ ಅವರೇ. ಆದರೆ ಹೊಸ ಪುಟ್ಟಿ ಮತ್ತು ಬಣ್ಣದ ಹಿಂದೆ ಗೋಡೆ ಹೇಗಿದೆಯೆಂದು ತಿಳಿಯುವ ಬಗೆ ಹೇಗೆಂದು ಅವರು ಕೇಳಿದ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. "ಎಲ್ಲಿ ಸೋರುತ್ತೆ ಅಂತ ಗೊತ್ತಿರೋ ಮನೆಗೆ ಹೆದರಬೇಡಪ್ಪ" ಎಂಬ ಅವರ ಮಾತು ಆಗ ವಯಸ್ಸಾದವರ ಸಮಾಧಾನದಂತೆ ಕೇಳಿಸಿದರೂ, ಅದರಲ್ಲಿ ಒಂದು ತರ್ಕವಿತ್ತು: ದುರಸ್ತಿಯ ಮನೆ ತನ್ನ ದೋಷಗಳನ್ನು ಕೊಳ್ಳುವ ಮೊದಲೇ ತೋರಿಸಿ ಬೆಲೆಯಲ್ಲಿ ಅವನ್ನು ಕಳೆದುಕೊಳ್ಳಲು ಬಿಡುತ್ತದೆ, ಸಿದ್ಧ ಮನೆ ತನ್ನ ದೋಷಗಳನ್ನು ಎರಡು ಮಳೆಗಾಲ ಕಳೆದ ಮೇಲೆ ಪೂರ್ತಿ ಬೆಲೆ ತೆತ್ತವನಿಗೆ ತೋರಿಸುತ್ತದೆ.

ಎರಡನೆಯವರು ನಂಜನಗೂಡಿನ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ದೇವಸ್ಥಾನಗಳ ಸುಣ್ಣದ ಕೆಲಸದಲ್ಲಿ ಪಳಗಿದ್ದ ಅವರು ಮನೆಯನ್ನು ಪರೀಕ್ಷಿಸಿದ ಕ್ರಮ ಒಂದು ಪಾಠದಂತಿತ್ತು. ಪ್ರತಿ ಜಂತೆಯನ್ನೂ ಕಬ್ಬಿಣದ ಸರಳಿನಿಂದ ತಟ್ಟಿ ಸದ್ದು ಕೇಳಿ, ಟೊಳ್ಳೆನಿಸಿದ ಕಡೆ ಉಳಿಯಿಂದ ಚುಚ್ಚಿ, ಗೆದ್ದಲು ಹಿಡಿದದ್ದೂ ತೇವಕ್ಕೆ ಕೊಳೆತದ್ದೂ ಬೇರೆ ಬೇರೆಯೆಂದು ತೋರಿಸಿದರು. ಹಜಾರದ ಗೋಡೆಯ ದೊಡ್ಡ ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆದಿಟ್ಟರು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ, ಬಿರುಕು ಹಳೆಯದಾಗಿ ನಿಂತುಹೋಗಿದ್ದರೆ ಹಾಗೆಯೇ ಉಳಿಯುತ್ತದೆ ಎಂಬುದು ಇದರ ಹಿಂದಿನ ವಿಚಾರ. ಕ್ರಯದ ಮಾತುಕತೆ ನಡೆಯುತ್ತಿದ್ದಷ್ಟು ಕಾಲವೂ ಗಾಜು ಒಡೆಯಲಿಲ್ಲ. ಬಣ್ಣ, ಟೈಲ್ಸ್, ವಾರ್ಡ್‌ರೋಬುಗಳ ಬಗ್ಗೆ ಮನೆಯವರು ಕೇಳಿದಾಗಲೆಲ್ಲ ಅವರ ಉತ್ತರ ಒಂದೇ ಆಗಿತ್ತು: "ಮೊದ್ಲು ನೀರಿನ ದಾರಿ ನೋಡೋಣ ಮೇಷ್ಟ್ರೇ, ಮಿಕ್ಕಿದ್ದು ಆಮೇಲೆ." ತಾರಸಿಯ ನೀರು ಇಳಿಯುವ ತೂಬುಗಳು ಕಟ್ಟಿಕೊಂಡಿವೆ, ಹಿತ್ತಿಲ ಮಣ್ಣು ವರ್ಷ ವರ್ಷವೂ ಏರಿ ಒಳನೆಲಕ್ಕಿಂತ ಎತ್ತರವಾಗಿದೆ, ಈ ಎರಡನ್ನು ಸರಿಪಡಿಸಿದರೆ ಕಾಯಿಲೆಯ ಮುಕ್ಕಾಲು ಪಾಲು ಹೋಗುತ್ತದೆ ಎಂಬ ಅವರ ಅಭಿಪ್ರಾಯದ ಮೇಲೆ ಭರವಸೆಯಿಟ್ಟು ಕುಟುಂಬ ಹಳೆಯ ಮನೆಯನ್ನು ಕೊಂಡಿತು.

ಕೆಲಸದ ಕ್ರಮವನ್ನು ನಿರ್ಧರಿಸಿದ್ದು ಮಳೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಮೈಸೂರಿನಲ್ಲಿ ಮೇ ತಿಂಗಳೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೂ ಜೋರಿನವು. ಚಾವಣಿ ಬಿಚ್ಚುವ ಕೆಲಸವನ್ನು ಸಂಕ್ರಾಂತಿಯ ನಂತರ ಹಿಡಿದು ಯುಗಾದಿಯ ಹೊತ್ತಿಗೆ ಮುಚ್ಚಬೇಕು. ಕೊಳೆತ ಜಂತೆಗಳ ತುದಿಯನ್ನು ಕತ್ತರಿಸಿ, ಹಳೆಯ ಮರದ ಅಂಗಡಿಯಲ್ಲಿ ದೊರೆತ ಹೊನ್ನೆಯ ತುಂಡುಗಳನ್ನು ಬೋಲ್ಟು ಹಾಕಿ ಬೆಸೆದು, ಒಂದೆರಡು ಕಡೆ ಕೆಳಗೆ ಕಬ್ಬಿಣದ ಆಸರೆ ಕೊಡಲಾಯಿತು. ತಾರಸಿಯ ಮೇಲ್ಪದರವನ್ನು ಬಿಚ್ಚಿ ಸುಣ್ಣದಲ್ಲಿಯೇ ಮತ್ತೆ ಹಾಕಿ, ತೂಬುಗಳ ಕಡೆಗೆ ಇಳಿಜಾರು ಮಾಡಲಾಯಿತು. ಆಮೇಲೆ ಹಿತ್ತಿಲ ಮಣ್ಣು ತೆಗೆಯುವುದು, ಬೇರು ತುಂಬಿದ್ದ ಹಳೆಯ ಮಣ್ಣಿನ ಕೊಳವೆಗಳ ಬದಲಿಗೆ ಹೊಸ ಒಳಚರಂಡಿ ಕೊಳವೆ, ತುಕ್ಕು ಹಿಡಿದ ನೀರಿನ ಪೈಪುಗಳ ಬದಲಾವಣೆ, ಮರದ ಪಟ್ಟಿಯಲ್ಲಿ ಹಾಯಿಸಿದ್ದ, ಅರ್ಥಿಂಗ್ ಇಲ್ಲದ ಹಳೆಯ ವೈರಿಂಗನ್ನು ಪೂರ್ತಿ ತೆಗೆದು ಎಂಸಿಬಿ ಇರುವ ಹೊಸ ವೈರಿಂಗ್ ಹೀಗೆ ಒಂದರ ಹಿಂದೆ ಒಂದು ನಡೆಯಿತು. ಕಣ್ಣಿಗೆ ಕಾಣುವ ಯಾವ ಕೆಲಸವೂ ಮೊದಲ ತಿಂಗಳುಗಳಲ್ಲಿ ಆಗಲಿಲ್ಲವಾದ್ದರಿಂದ, ನೋಡಲು ಬಂದ ನೆಂಟರಿಗೆ ಹಣವೆಲ್ಲ ಎಲ್ಲಿ ಹೋಗುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ.

ಸುಣ್ಣ ಮತ್ತು ಸಿಮೆಂಟಿನ ನಡುವೆ ಆಯ್ಕೆ ಮಾಡಬೇಕಾಗಿ ಬಂದಾಗ ಮೇಸ್ತ್ರಿಗೂ ಅಂದಾಜು ಬರೆದುಕೊಟ್ಟ ಇಂಜಿನಿಯರರಿಗೂ ಒಮ್ಮತವಾಗಲಿಲ್ಲ. ಸಿಮೆಂಟು ನೀರಿನೊಂದಿಗೆ ಕೂಡಿ ಬೇಗ ಗಟ್ಟಿಯಾಗುತ್ತದೆ, ಇಪ್ಪತ್ತೆಂಟು ದಿನಗಳಲ್ಲಿ ಅದರ ಬಲವನ್ನು ಅಳೆಯುವುದು ವಾಡಿಕೆ. ಸುಣ್ಣವಾದರೋ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ನಿಧಾನವಾದರೂ ಸುಣ್ಣದ ಗಿಲಾವು ಗೋಡೆಯ ತೇವವನ್ನು ಆವಿಯಾಗಿ ಹೊರಗೆ ಹೋಗಲು ಬಿಡುತ್ತದೆ. ಅದೇ ಗೋಡೆಗೆ ಸಿಮೆಂಟಿನ ಗಿಲಾವು ಹಾಕಿದರೆ ಒಳಗಿನ ತೇವಕ್ಕೆ ದಾರಿ ಸಿಗದೆ ಅದು ಗೋಡೆಯಲ್ಲಿ ಇನ್ನಷ್ಟು ಮೇಲಕ್ಕೇರಿ, ಕೆಲವೇ ವರ್ಷಗಳಲ್ಲಿ ಬಣ್ಣವನ್ನು ಎಬ್ಬಿಸುತ್ತದೆ. ಕೊನೆಗೆ ಹಳೆಯ ಗೋಡೆಗಳಿಗೆ ಸುಣ್ಣ, ಹೊಸದಾಗಿ ಕಟ್ಟಿದ ಸ್ನಾನಗೃಹಕ್ಕೆ ಸಿಮೆಂಟು ಎಂದು ತೀರ್ಮಾನವಾಯಿತು. ಹಜಾರದ ಕೆಂಪು ಗಾರೆಯ ನೆಲವನ್ನು ಉಳಿಸಿಕೊಂಡದ್ದೂ, ಬಚ್ಚಲುಮನೆಯ ಹಂಡೆಯನ್ನು ತೆಗೆದು ಗೀಸರ್ ಹಾಕಿದ್ದೂ, ತಾಯಿಯ ಮೊಣಕಾಲಿನ ನೋವಿಗಾಗಿ ಪಾಶ್ಚಾತ್ಯ ಮಾದರಿಯ ಕಮೋಡ್ ಕೂರಿಸಿದ್ದೂ ಇದೇ ಬಗೆಯ ತೀರ್ಮಾನಗಳು. ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ಉಳಿಸಲಿಲ್ಲ, ಯಾವುದನ್ನೂ ತೆಗೆಯಲಿಲ್ಲ.

ಈ ಕೆಲಸಗಳಿಗೆಲ್ಲ ಒಂದು ಲೆಕ್ಕದ ಪುಸ್ತಕವಿತ್ತು. ಲೇಖಕನ ಕೈಬರಹದಲ್ಲಿರುವ ಆ ಪುಸ್ತಕ ಈಗಲೂ ಮನೆಯಲ್ಲಿದೆ. ಮರಳಿನ ಲೋಡು, ಇಟ್ಟಿಗೆ, ಸುಣ್ಣದ ಕಲ್ಲು, ಪೈಪು, ಸ್ವಿಚ್ಚು, ಶನಿವಾರದ ಬಟವಾಡೆ ಎಲ್ಲವೂ ಅದರಲ್ಲಿ ತಾರೀಖಿನ ಸಮೇತ ನಮೂದಾಗಿವೆ. ಅದರಲ್ಲಿ ನಮೂದಾಗದೆ ಉಳಿದದ್ದು ಮನೆಯ ಇಬ್ಬರು ಹೆಂಗಸರ ದುಡಿಮೆ. ಲೇಖಕ ಬೆಳಿಗ್ಗೆ ಕಾಲೇಜಿಗೆ ಹೋದ ಮೇಲೆ ಕೆಲಸಗಾರರು ಬರುವ ಹೊತ್ತಿಗೆ ಬಾಗಿಲು ತೆರೆಯಲು, ಮರಳಿನ ಲಾರಿ ಬಂದಾಗ ಬೀದಿಯವರನ್ನು ಒಪ್ಪಿಸಲು, ಇಂದು ಪೈಪು ಎಲ್ಲಿ ಹಾಯಬೇಕೆಂದು ಆ ಕ್ಷಣದಲ್ಲೇ ಹೇಳಲು, ಸಾಮಾನು ಕಡಿಮೆ ಬಿದ್ದರೆ ಅಂಗಡಿಗೆ ಓಡಲು ಒಬ್ಬರು ಸ್ಥಳದಲ್ಲಿರಲೇಬೇಕಾಗಿತ್ತು. ಅದಕ್ಕಾಗಿ ಪತ್ನಿ ಒಂದು ಇಡೀ ಅವಧಿಗೆ ಸಂಬಳವಿಲ್ಲದ ರಜೆ ಪಡೆದರು, ಆ ಅವಧಿಯಲ್ಲಿ ಬರಬೇಕಾಗಿದ್ದ ಹಿರಿತನವೂ ಅವರ ಸಹೋದ್ಯೋಗಿಯ ಪಾಲಾಯಿತು. ಸಿಮೆಂಟಿನ ಕೆಲಸಕ್ಕೆ ಕನಿಷ್ಠ ಒಂದು ವಾರ, ಸುಣ್ಣದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ದಿನ, ಬಿಸಿಲಿಗೆ ಒಣಗಿ ಬಿರುಕು ಬಿಡದಂತೆ ನೀರುಣಿಸುವ ಕೆಲಸವನ್ನು, ಅಂದರೆ ಕ್ಯೂರಿಂಗನ್ನು, ತಾಯಿ ವಹಿಸಿಕೊಂಡರು. ಮುಂಜಾನೆ, ಮಧ್ಯಾಹ್ನ, ಸಂಜೆ ಗೋಣಿತಾಟು ನೆನೆಸುವುದು, ಗೋಡೆಗೆ ನೀರು ಎರಚುವುದು ಅವರ ದಿನಚರಿಯಾಯಿತು. ತಾರಸಿಗೆ ಸುಣ್ಣ ಬಡಿಯುವಾಗ ಪದರ ಇನ್ನೂ ಹದಕ್ಕೆ ಬಂದಿಲ್ಲವೆಂದು ಸದ್ದಿನಿಂದಲೇ ಗುರುತಿಸಿ, ಅವಸರ ಮಾಡುತ್ತಿದ್ದ ಹುಡುಗರನ್ನು ತಡೆದವರೂ ಅವರೇ. ಮೇಸ್ತ್ರಿ ಆ ಮಾತಿಗೆ ಒಪ್ಪಿ, ಮರುದಿನವೂ ಬಡಿಸಿದರು.

ಹಾಗಾಗಿ ದುರಸ್ತಿಯ ಮನೆ ಫ್ಲ್ಯಾಟಿಗಿಂತ ಅಗ್ಗವಾಯಿತೆಂದು ಆ ಪುಸ್ತಕದ ಕೊನೆಯ ಪುಟದಲ್ಲಿ ಕೂಡಿಸಿದ ಮೊತ್ತ ಹೇಳುತ್ತದೆಯಾದರೂ, ಒಂದು ಅವಧಿಯ ಸಂಬಳವನ್ನೂ, ಕಳೆದ ಹಿರಿತನವನ್ನೂ, ಎರಡು ಕಡೆ ಬಾಡಿಗೆ ಮತ್ತು ಸಾಲದ ಕಂತು ಒಟ್ಟಿಗೆ ತೆತ್ತದ್ದನ್ನೂ, ವಯಸ್ಸಾದ ಹೆಂಗಸಿನ ದುಡಿಮೆಗೆ ಒಬ್ಬ ಕೂಲಿಯಾಳಿನ ದರವನ್ನಾದರೂ ಹಿಡಿದರೆ ಆ ಅಂತರ ಬಹುತೇಕ ಕರಗಿಹೋಗುತ್ತದೆ. ಗುತ್ತಿಗೆದಾರನಿಗೆ ಸಾಮಾನಿನ ಸಮೇತ ಕೆಲಸ ಒಪ್ಪಿಸಿದ್ದರೆ ಈ ದುಡಿಮೆಯ ಒಂದು ಭಾಗ ಉಳಿಯುತ್ತಿತ್ತು ಎಂದು ವಾದಿಸಬಹುದು. ಆದರೆ ಗುತ್ತಿಗೆ ಎಂಬುದು ಮೊದಲೇ ಅಳೆದು ಬೆಲೆ ಕಟ್ಟಬಹುದಾದ ಕೆಲಸಕ್ಕೆ ಹೊಂದುತ್ತದೆ, ಗಿಲಾವು ಕಿತ್ತ ಮೇಲೆಯೇ ಗೋಡೆಯ ಸ್ಥಿತಿ ತಿಳಿಯುವ ಕಡೆ ದಿನಗೂಲಿಯ ಪದ್ಧತಿಯೇ ನಡೆಯುತ್ತದೆ, ದಿನಗೂಲಿಯಲ್ಲಿ ಮನೆಯವರೇ ಮೇಲ್ವಿಚಾರಕರಾಗಬೇಕಾಗುತ್ತದೆ. ಇಂಥ ಮೇಲ್ವಿಚಾರಣೆ ನಮ್ಮ ಕುಟುಂಬಗಳಲ್ಲಿ ಹಗಲು ಮನೆಯಲ್ಲಿರಬಲ್ಲವರ, ಅಥವಾ ಇರಲೇಬೇಕೆಂದು ಉಳಿದವರು ಎಣಿಸಿಕೊಂಡವರ, ಪಾಲಿಗೆ ಬರುತ್ತದೆ. ಅದನ್ನು ಯಾರೂ ಚರ್ಚಿಸಿ ಹಂಚುವುದಿಲ್ಲ.

ಸಿದ್ಧ ಮನೆಯಲ್ಲಿ ಈ ದುಡಿಮೆ ಇರುವುದಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಅದೇ ವರ್ಷ, ಅದೇ ಬಗೆಯ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟು ಕೊಂಡ ಲೇಖಕನ ತಂಗಿಯ ಸಂಸಾರ ಒಂದೇ ಭಾನುವಾರದಲ್ಲಿ ಸಾಮಾನು ಸಾಗಿಸಿ, ಸೋಮವಾರ ಎಂದಿನಂತೆ ಕೆಲಸಕ್ಕೆ ಹೋಯಿತು. ಮೊದಲ ವರ್ಷಗಳಲ್ಲಿ ಅವರ ಆಯ್ಕೆಯೇ ಜಾಣತನದ್ದೆಂದು ಎಲ್ಲರಿಗೂ ಕಂಡಿತು, ಆ ವರ್ಷಗಳ ಮಟ್ಟಿಗೆ ಅದು ನಿಜವೂ ಆಗಿತ್ತು. ಮುಂದೆ ಮೇಲಿನ ಮನೆಯ ಸ್ನಾನಗೃಹದಿಂದ ಇವರ ಅಡುಗೆಮನೆಯ ಚಾವಣಿಗೆ ನೀರು ಇಳಿಯತೊಡಗಿದಾಗ, ರಿಪೇರಿ ಮಾಡಿಸಲು ಹಣವಿದ್ದರೂ ಅಧಿಕಾರವಿರಲಿಲ್ಲ. ಮೇಲಿನವರ ಟೈಲ್ಸ್ ಕೀಳದೆ ಕೆಳಗಿನ ಸೋರಿಕೆ ನಿಲ್ಲುವುದಿಲ್ಲ, ಅವರು ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿದ್ದರು. ಕೊಳವೆಬಾವಿ ಬತ್ತಿದಾಗ ಟ್ಯಾಂಕರ್ ನೀರಿನ ಖರ್ಚು ಹಂಚುವುದು, ಲಿಫ್ಟಿನ ವಾರ್ಷಿಕ ಒಪ್ಪಂದ, ಹೊರಗೋಡೆಯ ಬಣ್ಣ ಮುಂತಾದವಕ್ಕೆಲ್ಲ ನಿವಾಸಿಗಳ ಸಂಘದ ಸಭೆಗಳು ಬೇಕಾದವು. ತಂಗಿ ಆ ಸಂಘದ ಕಾರ್ಯದರ್ಶಿಯಾಗಿ ಅತ್ತಿಗೆಗಿಂತ ಕಡಿಮೆಯಿಲ್ಲದಷ್ಟು ಹೊತ್ತನ್ನು ಅದಕ್ಕೆ ಕೊಟ್ಟರು. ಅವರೇ ಒಮ್ಮೆ ಅತ್ತಿಗೆಯೊಡನೆ ಹೇಳಿದ ಮಾತಿದು: "ನೀವು ಮೇಸ್ತ್ರಿ ಹತ್ರ ಒಂದು ಸಲ ಜಗಳ ಆಡಿದ್ರಿ ಅತ್ತಿಗೆ, ನಾನು ತಿಂಗಳಿಗೊಂದ್ಸಲ ನಲವತ್ತು ಮನೆಯವರ ಹತ್ರ ಆಡ್ತೀನಿ."

ಎರಡೂ ಮನೆಗಳಲ್ಲಿ ದುಡಿಮೆ ಉಂಟು. ಅದು ಬೀಳುವ ಕಾಲ ಬೇರೆ, ಅದರ ಸ್ವರೂಪ ಬೇರೆ. ದುರಸ್ತಿಯ ಮನೆಯಲ್ಲಿ ಅದು ಆರಂಭದಲ್ಲಿಯೇ ರಾಶಿ ಬೀಳುತ್ತದೆ, ಕೈಯಿಂದ ಮಾಡುವಂಥದ್ದು, ತೀರ್ಮಾನದ ಹಕ್ಕು ಮನೆಯವರಲ್ಲೇ ಇರುತ್ತದೆ. ಸಿದ್ಧ ಮನೆಯಲ್ಲಿ ಅದು ತಡವಾಗಿ ಬರುತ್ತದೆ, ಮಾತಿನಿಂದ ಮಾಡುವಂಥದ್ದು, ತೀರ್ಮಾ‍ನದ ಹಕ್ಕನ್ನು ಹತ್ತಾರು ಜನರೊಡನೆ ಹಂಚಿಕೊಳ್ಳಬೇಕಾಗುತ್ತದೆ. ಸಾರ್ವಜನಿಕ ಕಟ್ಟಡಗಳ ವಿಷಯದಲ್ಲೂ ಈ ದುಡಿಮೆ ಲೆಕ್ಕಕ್ಕೆ ಬರುವುದು ಕಡಿಮೆ. 2016ರ ಆಗಸ್ಟಿನಲ್ಲಿ ಮೈಸೂರಿನ ಹಳೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಾಗ, ಅದನ್ನು ಕೆಡವಿ ಕಟ್ಟಬೇಕೇ ದುರಸ್ತಿ ಮಾಡಬೇಕೇ ಎಂಬ ಚರ್ಚೆ ಊರಿನಲ್ಲಿ ವರ್ಷಗಟ್ಟಲೆ ನಡೆಯಿತು. ಕಟ್ಟಡದ ಬಲಾಬಲಗಳ ಬಗ್ಗೆ ತಜ್ಞರ ಮಾತು ಎರಡೂ ಪಕ್ಷದಲ್ಲಿ ಬೇಕಾದಷ್ಟು ಇತ್ತು, ದುರಸ್ತಿಯಾದ ಮೇಲೆ ಪ್ರತಿ ಮಳೆಗಾಲಕ್ಕೂ ಮುಂಚೆ ತೂಬು ಬಿಡಿಸುವವರು ಯಾರು, ಗೋಡೆಯಲ್ಲಿ ಚಿಗುರಿದ ಸಸಿ ಕೀಳುವವರು ಯಾರು ಎಂಬ ಮಾತು ಅಪರೂಪವಾಗಿತ್ತು. ಸುಣ್ಣದ ಕಟ್ಟಡದ ಆಯುಷ್ಯ ಹೆಚ್ಚಾಗಿ ನಿಂತಿರುವುದು ಈ ಸಣ್ಣ ಕೆಲಸಗಳ ಮೇಲೆಯೇ ಎಂಬುದನ್ನು ಒಮ್ಮೆ ಇಂಥ ಮನೆಯನ್ನು ದುರಸ್ತಿ ಮಾಡಿಸಿದವರು ಮರೆಯುವುದಿಲ್ಲ.

ಈಗ ಮನೆ ಹುಡುಕುತ್ತಿರುವ ಕಿರಿಯರು ಸಲಹೆ ಕೇಳಿದಾಗ, ಆ ಮನೆಯಲ್ಲಿ ಉತ್ತರಿಸುವವರು ಪತ್ನಿಯೇ. ಹಳೆಯ ಮನೆ ಒಳ್ಳೆಯದೋ ಹೊಸದು ಒಳ್ಳೆಯದೋ ಎಂಬ ಪ್ರಶ್ನೆಗೆ ಅವರು ಉತ್ತರಿಸುವುದಿಲ್ಲ. ಕಾಗದಪತ್ರ ಸರಿಯಿದೆಯೇ, ನೀರಿನ ದಾರಿ ಸರಿಪಡಿಸುವಂತಿದೆಯೇ, ಹಳೆಯ ಕೆಲಸ ಬಲ್ಲ ಮೇಸ್ತ್ರಿ ಸಿಗುತ್ತಾರೆಯೇ ಎಂದು ಕೇಳಿ, ಕೊನೆಗೆ ಗಂಡಹೆಂಡಿರಲ್ಲಿ ಯಾರು ರಜೆ ಹಾಕುತ್ತೀರಿ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಗೆ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರೆ ಫ್ಲ್ಯಾಟು ಕೊಳ್ಳಿರಿ ಎಂಬುದು ಅವರ ಸಲಹೆ. ಸುಣ್ಣದ ಕೆಲಸ ಬಲ್ಲವರು ವಿರಳವಾಗುತ್ತಿರುವ, ಗಂಡಹೆಂಡಿರಿಬ್ಬರೂ ದುಡಿಯಲೇಬೇಕಾದ, ಮನೆಯಲ್ಲಿ ಹಿರಿಯರಿಲ್ಲದ ಕಾಲಕ್ಕೆ ಅನೇಕರ ಪಾಲಿಗೆ ಸಿದ್ಧ ಮನೆಯೇ ಸರಿಯಾದ ಆಯ್ಕೆಯಾಗಬಹುದು, ಹಾಗೆ ಆರಿಸಿಕೊಂಡವರು ಪರಂಪರೆಯನ್ನು ತೊರೆದರೆಂದು ಹಳಿಯುವುದರಲ್ಲಿ ಅರ್ಥವಿಲ್ಲ. ದುರಸ್ತಿಗೆ ಕೈಹಾಕುವವರಾದರೂ ಅಂದಾಜು ಪಟ್ಟಿಯಲ್ಲಿ ಸಿಮೆಂಟು, ಸುಣ್ಣ, ಮರ, ಕೂಲಿಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ, ಮನೆಯವರಲ್ಲಿ ಯಾರ ಎಷ್ಟು ತಿಂಗಳು ಎಂಬುದನ್ನು ಹೆಸರಿನ ಸಮೇತ ಬರೆದು, ಆ ಹೆಸರಿನವರು ಒಪ್ಪಿದ ಮೇಲೆಯೇ ಮುಂಗಡ ಕೊಡುವುದು ಉಚಿತ.